ಶಿರಸಿಯ ಗೋಬರ್ ಗ್ಯಾಸ್ ಮನೆಗಳಿಗೆ, ಮತ್ತು ಕೈಹಿಡಿದ ಉಳಿದೆಲ್ಲರಿಗೂ

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಥೀಸಿಸ್ ಒಪ್ಪಿಗೆಯಾಗಿದೆ. ಅದರ ಮೊದಲ ಪುಟಗಳಲ್ಲಿ ಎಲ್ಲರಿಗೂ ಇಂಗ್ಲಿಷಿನಲ್ಲಿ ಧನ್ಯವಾದ ಬರೆದಿದ್ದೇನೆ, ಆದರೆ ಅದು ಸೇರಬೇಕಾದವರಲ್ಲಿ ಅರ್ಧ ಜನ ಆ ಪುಸ್ತಕವನ್ನು ಕೈಯಲ್ಲಿ ಹಿಡಿಯುವುದೂ ಇಲ್ಲ. ಅದಕ್ಕೇ ಇಲ್ಲಿ, ಎಲ್ಲರೆದುರು ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಯಾರು ಏನು ಮಾಡಿಕೊಟ್ಟರು ಅಂತ ಹೇಳಬೇಕಾದರೆ ಕೆಲಸ ಏನಿತ್ತು ಅಂತಲೂ ಹೇಳಬೇಕಲ್ವಾ?

ಕೆಲಸ ಇಷ್ಟು. ಕೊಟ್ಟಿಗೆ ಪಕ್ಕದ ಗೋಬರ್ ಗ್ಯಾಸ್ ಗುಂಡಿಯಲ್ಲಿ ಸೂಕ್ಷ್ಮಜೀವಿಗಳ ದೊಡ್ಡ ಗುಂಪೇ ಇರುತ್ತದೆ. ಅದರಲ್ಲಿ ಯಾವ ಪ್ರೋಟೀನುಗಳಿವೆ, ಅವು ಯಾವ ಯಾವ ರಾಸಾಯನಿಕಗಳನ್ನು ಹುಟ್ಟಿಸುತ್ತಿವೆ, ಮಳೆಗಾಲದ ತಂಪಿಗೆ ಗ್ಯಾಸ್ ಇಳಿದಾಗ ಇವೆಲ್ಲ ಹೇಗೆ ಬದಲಾಗುತ್ತವೆ ಅಂತ ನೋಡುವುದು. ಗುಂಡಿಯೊಳಗೆ ಯಾವ ಜೀವಿಯೂ ಒಂಟಿಯಾಗಿ ದುಡಿಯುವುದಿಲ್ಲ. ಕೆಲವು ಬ್ಯಾಕ್ಟೀರಿಯಾ ಸಗಣಿಯ ನಾರನ್ನು ಒಡೆದು ಸಕ್ಕರೆ ಮಾಡುತ್ತವೆ. ಇನ್ನು ಕೆಲವು ಆ ಸಕ್ಕರೆಯನ್ನು ಪ್ರೊಪಿಯಾನಿಕ್, ಬ್ಯುಟಿರಿಕ್ ಥರದ ಆಮ್ಲಗಳಾಗಿಸುತ್ತವೆ. ಮತ್ತೊಂದು ಗುಂಪು ಆ ಆಮ್ಲಗಳಿಂದ ಅಸಿಟಿಕ್ ಆಮ್ಲ ಮತ್ತು ಹೈಡ್ರೋಜನ್ ಮಾಡುತ್ತದೆ. ಕೊನೆಗೆ ಆರ್ಕಿಯಾ ಅನ್ನುವ ಬೇರೆಯೇ ಕುಲದ ಜೀವಿಗಳು ಮೀಥೇನ್ ಮಾಡುತ್ತವೆ, ಒಲೆಯಲ್ಲಿ ಉರಿಯುವುದು ಅದೇ. ಪ್ರೊಪಿಯಾನಿಕ್ ಆಮ್ಲ ತಿನ್ನುವ ಬ್ಯಾಕ್ಟೀರಿಯಾ ಬದುಕಬೇಕಾದರೆ ಸುತ್ತ ಹೈಡ್ರೋಜನ್ ತೀರಾ ಕಡಿಮೆ ಇರಬೇಕು, ಅಂದರೆ ಪಕ್ಕದಲ್ಲಿರುವ ಆರ್ಕಿಯಾ ಅದನ್ನು ಹುಟ್ಟಿದ ಹಾಗೆಯೇ ತಿಂದು ಮುಗಿಸುತ್ತಿರಬೇಕು. ಆ ಜೊತೆ ತಪ್ಪಿದರೆ ಆಮ್ಲ ಏರುತ್ತದೆ, ಗುಂಡಿ ಹುಳಿಯಾಗುತ್ತದೆ, ಒಲೆ ಆರುತ್ತದೆ.

ಡಿಎನ್‌ಎ ಓದಿದರೆ ಗುಂಡಿಯಲ್ಲಿ ಯಾರಿದ್ದಾರೆ ಅಂತ ತಿಳಿಯುತ್ತದೆ, ಸತ್ತವರ ಡಿಎನ್‌ಎಯೂ ಅದರಲ್ಲಿ ಸೇರಿಕೊಂಡಿರುತ್ತದೆ. ಮದುವೆಗೆ ಬಂದವರ ಪಟ್ಟಿ ನೋಡಿದರೆ ಅಡುಗೆ ಮಾಡಿದವರು ಯಾರು ಅಂತ ಗೊತ್ತಾಗುವುದಿಲ್ಲ. ಕೆಲಸ ಮಾಡುವುದು ಪ್ರೋಟೀನು, ಹಾಗಾಗಿ ಅದನ್ನೇ ಹುಡುಕಬೇಕು. ಇಡೀ ಸಮುದಾಯದ ಪ್ರೋಟೀನುಗಳನ್ನು ಒಟ್ಟಿಗೇ ಓದುವ ಈ ವಿದ್ಯೆಗೆ ವಯಸ್ಸು ಬಹಳವಾಗಿಲ್ಲ. ಮೆಟಾಪ್ರೋಟಿಯೋಮಿಕ್ಸ್ ಎಂಬ ಹೆಸರು ಬಂದಿದ್ದು 2004ರಲ್ಲಿ, ಕೊಳಚೆ ನೀರು ಶುದ್ಧ ಮಾಡುವ ಕೆಸರಿನ ಅಧ್ಯಯನದಿಂದ. ಮರುವರ್ಷವೇ ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯಲ್ಲಿ, ಆಮ್ಲದ ನೀರಿನ ಮೇಲೆ ಬೆಳೆದ ಪದರದಿಂದ 2,000ಕ್ಕೂ ಹೆಚ್ಚು ಪ್ರೋಟೀನುಗಳನ್ನು ಗುರುತಿಸಿದರು. ಅದನ್ನು ಮೊದಲ ಸಲ ಓದಿದಾಗಲೇ ನಮ್ಮೂರ ಕಡೆಯ ಗುಂಡಿಗಳು ಕಣ್ಣ ಮುಂದೆ ಬಂದವು.

ಈಗ ಶಿರಸಿಯವರ ವಿಷಯ. ಮೊದಲ ನಮಸ್ಕಾರ ಅವರಿಗೆ. ಗೋಬರ್ ಗ್ಯಾಸ್ ಕಟ್ಟಿಸಿ ಆಮೇಲೆ ಬಿಟ್ಟುಬಿಟ್ಟ ಊರುಗಳು ದೇಶದಲ್ಲಿ ಬೇಕಾದಷ್ಟಿವೆ. ಶಿರಸಿ ಕಡೆ ಮಾತ್ರ ಮನೆಮನೆಯಲ್ಲಿ ಅವು ಉಳಿದುಕೊಂಡು ಬಂದಿವೆ, 2001ರಲ್ಲೇ ಬೆಂಗಳೂರಿನ ವಿಜ್ಞಾನಿಗಳು ಇದನ್ನು ಯಶಸ್ಸಿನ ಕಥೆ ಅಂತ ದಾಖಲಿಸಿದ್ದಾರೆ. ಕೊಟ್ಟಿಗೆ, ಅಡುಗೆಮನೆ, ಅಡಿಕೆ ತೋಟ ಮೂರೂ ಒಂದೇ ಅಂಗಳಕ್ಕೆ ಸೇರಿರುವುದರಿಂದ ಸಗಣಿಗೂ, ಗ್ಯಾಸ್ ಆದಮೇಲೆ ಉಳಿಯುವ ಸ್ಲರಿಗೂ ಎರಡಕ್ಕೂ ಬೆಲೆ ಇದೆ. ಆ ಮನೆಗಳವರು ನನ್ನನ್ನು ಒಳಗೆ ಬಿಟ್ಟುಕೊಂಡರು. ಔಟ್‌ಲೆಟ್ ಬಾಯಿಂದ ಉದ್ದದ ಪೈಪ್ ಇಳಿಸಿ ಸ್ಲರಿ ತೆಗೆಯಲು ಬಿಟ್ಟರು. ಜೋರು ಮಳೆಯಲ್ಲಿ ಬಂದರೂ ಬೇಡ ಎನ್ನಲಿಲ್ಲ, ಇಂಬಳ ಕಚ್ಚದ ಹಾಗೆ ಕಾಲಿಗೆ ಹಚ್ಚಿಕೊಳ್ಳಲು ಏನಾದರೂ ಕೊಡುತ್ತಿದ್ದರು, ಊಟ ಮಾಡದೆ ಕಳಿಸಿದ್ದೇ ಇಲ್ಲ.

ಒಂದು ಮನೆಯ ಅಮ್ಮನವರನ್ನು ಬೇರೆಯಾಗಿಯೇ ನೆನೆಯಬೇಕು. ದಿನಾ ಬೆಳಿಗ್ಗೆ ಸಗಣಿ ಕದಡಿ ಗುಂಡಿಗೆ ಬಿಡುವವರು ಅವರೇ. ಗುಂಡಿಯಿಂದ ಹುಳಿ ವಾಸನೆ ಬರಲು ಶುರುವಾದರೆ ಇನ್ನು ಗ್ಯಾಸ್ ಕಡಿಮೆಯಾಗುತ್ತದೆ ಅಂತ ಅವರಿಗೆ ಗೊತ್ತಾಗುತ್ತದೆ, ಆಗ ಕೆಲವು ದಿನ ಸಗಣಿ ಕಡಿಮೆ ಹಾಕುತ್ತಾರೆ. ಆ ವಾಸನೆ ಆಮ್ಲಗಳದ್ದು. ಮೀಥೇನ್ ಮಾಡುವವರು ಹಿಂದೆ ಬಿದ್ದಾಗ ಆಮ್ಲ ಮಾಡುವವರಿಗೆ ತಿನ್ನಲು ಕೊಡುವುದನ್ನು ತಗ್ಗಿಸುವುದೇ ಸರಿಯಾದ ಉಪಾಯ, ಪಠ್ಯಪುಸ್ತಕವೂ ಅದನ್ನೇ ಹೇಳುತ್ತದೆ. ನಾನು ಯಾವ ದಿನ ಮಾದರಿ ತೆಗೆಯಬೇಕು ಅಂತ ಎಷ್ಟೋ ಸಲ ಅವರೇ ಫೋನ್ ಮಾಡಿ ತಿಳಿಸಿದರು. ಥೀಸಿಸ್‌ನ ಒಂದು ಇಡೀ ಅಧ್ಯಾಯ ಅವರ ಆ ಫೋನುಗಳ ಮೇಲೆ ನಿಂತಿದೆ. ಅಮ್ಮಾ, ನಿಮಗೆ ಎಷ್ಟು ಹೇಳಿದರೂ ಸಾಲದು.

ಮಾದರಿ ತೆಗೆದರೆ ಆಗಲಿಲ್ಲ, ಆ ಕ್ಷಣದಲ್ಲೇ ಅದನ್ನು ಹೆಪ್ಪುಗಟ್ಟಿಸಬೇಕು. ಡಬ್ಬಿಯೊಳಗೂ ಜೀವಿಗಳು ತಿನ್ನುತ್ತಲೇ ಇರುತ್ತವೆ, ಎಷ್ಟೋ ಚಿಕ್ಕ ಅಣುಗಳ ಪ್ರಮಾಣ ಸೆಕೆಂಡುಗಳಲ್ಲೇ ಬದಲಾಗಿಬಿಡುತ್ತದೆ. ಅದಕ್ಕೆ ದ್ರವ ನೈಟ್ರೋಜನ್ ಬೇಕು, ಮೈನಸ್ 196 ಡಿಗ್ರಿಯದ್ದು. ಮಲೆನಾಡಿನ ಒಳಗೆ ಅದನ್ನು ಎಲ್ಲಿಂದ ತರುವುದು? ಉತ್ತರ ಸಿಕ್ಕಿದ್ದು ಪಶು ಆಸ್ಪತ್ರೆಯಲ್ಲಿ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ವೀರ್ಯದ ಕಡ್ಡಿಗಳನ್ನು ಅವರು ಇಡುವುದೇ ದ್ರವ ನೈಟ್ರೋಜನ್ ಕ್ಯಾನಿನಲ್ಲಿ. ವೈದ್ಯರು ನನ್ನ ಗೈಡ್ ಜೊತೆ ಮಾತಾಡಿ, ಕಾಗದಪತ್ರ ನೋಡಿ, ತಮ್ಮ ಕೆಲಸಕ್ಕೆ ಕೊರತೆ ಬೀಳದಷ್ಟು ಇಟ್ಟುಕೊಂಡು ಉಳಿದದ್ದನ್ನು ಕೊಡುತ್ತಿದ್ದರು. ಅವರಿಗೂ, ಅಲ್ಲಿನ ಸಿಬ್ಬಂದಿಗೂ, ಕ್ಯಾನ್ ಒಳಗಿದ್ದಷ್ಟು ಹೊತ್ತೂ ಮಳೆ ಒಳಗೆ ಬಡಿದರೂ ಕಿಟಕಿ ಮುಚ್ಚದೆ ಓಮ್ನಿ ಓಡಿಸಿದ ಡ್ರೈವರ್ ಅಣ್ಣನಿಗೂ ತುಂಬಾ ಥ್ಯಾಂಕ್ಸ್. ಆವಿಯಾದ ನೈಟ್ರೋಜನ್ ಗಾಳಿಯ ಆಮ್ಲಜನಕವನ್ನು ಆಚೆ ತಳ್ಳುತ್ತದೆ, ಮುಚ್ಚಿದ ಗಾಡಿಯಲ್ಲಿ ಅದು ಜೀವಕ್ಕೇ ಅಪಾಯ. ಅಣ್ಣನಿಗೆ ಇದನ್ನು ಒಂದೇ ಸಲ ವಿವರಿಸಿದ್ದು, ಮತ್ತೆಂದೂ ನೆನಪಿಸಬೇಕಾಗಲಿಲ್ಲ.

ಲ್ಯಾಬಿನ ಕೆಲಸದ ಕಷ್ಟವೆಲ್ಲ ಸಗಣಿಯ ಕಂದು ಬಣ್ಣದಲ್ಲಿದೆ. ಅದು ಹ್ಯೂಮಿಕ್ ಪದಾರ್ಥ, ಪ್ರೋಟೀನಿಗೆ ಅಂಟಿಕೊಂಡರೆ ಬಿಡುವುದಿಲ್ಲ, ಯಂತ್ರಕ್ಕೆ ಹೋದರೆ ಅದರ ಸಣ್ಣ ಕೊಳವೆ (ಕಾಲಂ) ಕಟ್ಟಿಕೊಳ್ಳುತ್ತದೆ. ಪ್ರೋಟೀನನ್ನು ಫೀನಾಲ್‌ಗೆ ಎಳೆದುಕೊಂಡು, ಅಮೋನಿಯಂ ಅಸಿಟೇಟ್ ಬೆರೆಸಿದ ತಣ್ಣನೆಯ ಮೆಥನಾಲ್‌ನಲ್ಲಿ ಇಳಿಸಿ, ತೊಳೆದು, ಮತ್ತೆ ತೊಳೆದು, ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ತುಂಡು ಮಾಡಿ, ಆಮೇಲೆ ಆ ತುಂಡುಗಳನ್ನು ತೂಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡಬೇಕು. ಇಂಥ ಗಲೀಜು ಮಾದರಿಯನ್ನು ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಹಾಕಲು ಯಾರೂ ಸುಲಭವಾಗಿ ಒಪ್ಪುವುದಿಲ್ಲ. ಯಂತ್ರ ನೋಡಿಕೊಳ್ಳುತ್ತಿದ್ದ ಮೇಡಂ ಒಪ್ಪಿದರು. ಷರತ್ತು ಹಾಕಿಯೇ ಒಪ್ಪಿದರು: ಪ್ರತಿ ಮಾದರಿಯ ನಡುವೆ ಬ್ಲಾಂಕ್, ಅಂದರೆ ಮಾದರಿಯಿಲ್ಲದ ಖಾಲಿ ದ್ರವ ಓಡಿಸಬೇಕು, ಸ್ವೆಟರ್ ಹಾಕಿಕೊಂಡು ಒಳಗೆ ಬರಬಾರದು. ಉಣ್ಣೆಯಿಂದಲೂ ನಮ್ಮ ಚರ್ಮ, ಕೂದಲಿನಿಂದಲೂ ಉದುರುವ ಕೆರಾಟಿನ್ ಯಂತ್ರಕ್ಕೆ ಚೆನ್ನಾಗಿ ಕಾಣುತ್ತದೆ, ಸೂಕ್ಷ್ಮಜೀವಿಗಳ ಪ್ರೋಟೀನನ್ನು ಮುಚ್ಚಿಬಿಡುತ್ತದೆ. ಮೇಡಂ, ನಿಮ್ಮ ಆ ಕಟ್ಟುನಿಟ್ಟಿನಿಂದಲೇ ವೈವಾದಲ್ಲಿ ಡೇಟಾದ ಗುಣಮಟ್ಟದ ಬಗ್ಗೆ ಒಂದು ಅನುಮಾನದ ಪ್ರಶ್ನೆಯೂ ಬರಲಿಲ್ಲ. ಮೀಥೈಲ್ ಕೋಎನ್‌ಜೈಮ್ ಎಂ ರಿಡಕ್ಟೇಸ್‌ನ ತುಂಡುಗಳು ಮೊದಲ ಸಲ ಪರದೆ ಮೇಲೆ ಸ್ಪಷ್ಟವಾಗಿ ಬಂದ ದಿನ ನೀವೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದಿರಿ. ಮೀಥೇನ್ ಹುಟ್ಟುವ ಕೊನೆಯ ಹೆಜ್ಜೆ ಆ ಕಿಣ್ವದ್ದು, ಅದು ಕೆಲಸ ಮಾಡುವ ಪ್ರತಿ ಜಾಗದ ನಡುವೆ ನಿಕಲ್‌ನ ಒಂದು ಪರಮಾಣು ಇದೆ. ಅಷ್ಟು ಚಿಕ್ಕದರಿಂದ ಒಂದು ಮನೆಯ ಚಹಾ ಕಾಯುತ್ತದೆ ಅನ್ನುವುದು ನನಗೆ ಇವತ್ತಿಗೂ ಅದ್ಭುತವೇ.

ಮಾದರಿಗಳಿದ್ದ ಮೈನಸ್ 80 ಡಿಗ್ರಿಯ ಫ್ರೀಜರ್ ಕೈಕೊಟ್ಟ ರಾತ್ರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲಾರಂ ಕೇಳಿ ಸುಮ್ನೆ ಬಿಡದೆ ಫೋನ್ ಮಾಡಿದ ಸೆಕ್ಯುರಿಟಿ ಅಣ್ಣ, ಡ್ರೈ ಐಸ್ ಹೊತ್ತುಕೊಂಡು ಬಂದ ಗೆಳೆಯರು, ತಮ್ಮ ಫ್ರೀಜರಿನಲ್ಲಿ ಜಾಗ ಮಾಡಿಕೊಟ್ಟ ಪಕ್ಕದ ಲ್ಯಾಬಿನವರು: ನೀವಿಲ್ಲದಿದ್ದರೆ ಎರಡು ಮಳೆಗಾಲದ ಕೆಲಸ ಕರಗಿ ಹೋಗುತ್ತಿತ್ತು.

ಮುಖವನ್ನೇ ನೋಡದ ಕೆಲವರಿಗೂ ಧನ್ಯವಾದ ಹೇಳಬೇಕು. ಯಂತ್ರ ತೋರಿಸಿದ ತುಂಡು ಯಾವ ಪ್ರೋಟೀನಿನದ್ದು ಅಂತ ತಿಳಿಯುವುದು ಗೊತ್ತಿರುವ ಜೀನುಗಳ ಪಟ್ಟಿಗೆ ಹೋಲಿಸಿ. ಮನುಷ್ಯನ ಪ್ರೋಟೀನು ಹುಡುಕುವವರಿಗೆ ಸುಮಾರು 20,000 ಜೀನುಗಳ ಒಂದು ಪಟ್ಟಿ ಸಾಕು. ನಮಗೆ ನೂರಾರು ಜಾತಿಗಳದ್ದು ಬೇಕು. ಅವು ಒಂದಕ್ಕೊಂದು ನೆಂಟರಾದ್ದರಿಂದ ಒಂದೇ ತುಂಡು ಹಲವರಲ್ಲಿ ಸಿಗುತ್ತದೆ, ಇದು ಯಾರದ್ದು ಅಂತ ಹೇಳುವುದು ಕಷ್ಟ. ಈ ಸಿಕ್ಕು ಬಿಡಿಸಲು ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು ಯೂನಿಪೆಪ್ಟ್ ಅನ್ನುವ ಸಾಫ್ಟ್‌ವೇರ್ ಮಾಡಿ ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಜರ್ಮನಿಯ ಮ್ಯಾಗ್ಡೆಬರ್ಗ್‌ನವರು ಅಲ್ಲಿನ ಬಯೋಗ್ಯಾಸ್ ಸ್ಥಾವರಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ತಮ್ಮ ವಿಧಾನ, ಸಾಫ್ಟ್‌ವೇರ್ ಎರಡನ್ನೂ ತೆರೆದಿಟ್ಟಿದ್ದಾರೆ. 2021ರಲ್ಲಿ ಹಲವು ದೇಶಗಳ ಲ್ಯಾಬುಗಳು ಅವೇ ಎರಡು ಮಾದರಿಗಳನ್ನು ತಮ್ಮ ತಮ್ಮ ರೀತಿಯಲ್ಲಿ ಓದಿ ಹೋಲಿಸಿದವು. ಪೆಪ್ಟೈಡ್, ಅಂದರೆ ಪ್ರೋಟೀನಿನ ತುಂಡುಗಳ ಮಟ್ಟದಲ್ಲಿ ಕಂಡ ವ್ಯತ್ಯಾಸ ಪ್ರೋಟೀನ್ ಗುಂಪುಗಳ ಮಟ್ಟಕ್ಕೆ ಬರುವಷ್ಟರಲ್ಲಿ ಬಹುಪಾಲು ಮಾಯವಾಗಿತ್ತು. ನನ್ನ ಫಲಿತಾಂಶವನ್ನು ನಂಬಬಹುದಾ ಅಂತ ಒದ್ದಾಡುತ್ತಿದ್ದ ದಿನಗಳಲ್ಲಿ ಆ ಲೇಖನ ದೊಡ್ಡ ಧೈರ್ಯ ಕೊಟ್ಟಿತು.

ನಮ್ಮ ಗೈಡ್ ಒಂದು ಮಾತು ಮನಸ್ಸಿಗೆ ನಾಟಿಸಿದರು. ಅಸಿಟಿಕ್ ಆಮ್ಲ ಕಡಿಮೆ ಕಂಡರೆ ಅದು ಹುಟ್ಟುತ್ತಿಲ್ಲ ಅಂತ ಬರೆಯಬೇಡ, ಹುಟ್ಟಿದ ತಕ್ಷಣ ಯಾರೋ ತಿನ್ನುತ್ತಿರಬಹುದು. ರಾಸಾಯನಿಕವನ್ನು ಪ್ರೋಟೀನಿನ ಜೊತೆಗಿಟ್ಟು ಓದಬೇಕು ಅನ್ನುವ ಹಟ ಅವರದ್ದು, ಹಾಗಾಗಿ ಖರ್ಚು ಏರಿತು, ಸಮಯವೂ ಹಿಡಿಯಿತು. ಈಗ ನೋಡಿದರೆ ಆ ಹಟವೇ ಸರಿ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಾರದಿದ್ದಾಗ ಹಾಸ್ಟೆಲ್ ಬಾಕಿಯ ಬಗ್ಗೆ ನನಗೆ ಗೊತ್ತಾಗುವ ಮೊದಲೇ ಮಾತಾಡಿ ಸರಿ ಮಾಡಿದವರೂ ಅವರೇ.

ಅಪ್ಪ, ಅಮ್ಮ, ತಮ್ಮ, ನಿಮಗೆ ಮನೆಯಲ್ಲೇ ಹೇಳಿದ್ದೇನೆ. ಗಾಜಿನ ಸಾಮಾನು ತೊಳೆದುಕೊಟ್ಟ ಅಕ್ಕಂದಿರಿಗೆ ಇಲ್ಲಿಯೂ ಹೇಳುತ್ತೇನೆ, ಸೋಪಿನ ಒಂದು ಕಲೆ ಉಳಿದಿದ್ದರೂ ಡಿಟರ್ಜೆಂಟ್ ಸಿಗ್ನಲ್ ಎಲ್ಲವನ್ನೂ ನುಂಗುತ್ತಿತ್ತು.

ಕಚ್ಚಾ ಡೇಟಾವನ್ನು ಪ್ರೋಟೀನು ಡೇಟಾಗಳ ಸಾರ್ವಜನಿಕ ಭಂಡಾರವಾದ ಪ್ರೈಡ್‌ಗೆ ಸೇರಿಸುವ ಕೆಲಸ ನಡೆಯುತ್ತಿದೆ, ಯಾರು ಬೇಕಾದರೂ ಬಳಸಬಹುದು. ಮಾದರಿ ಕೊಟ್ಟ ಪ್ರತಿ ಮನೆಗೂ ಅವರ ಗುಂಡಿಯ ವಿವರವನ್ನು ಕನ್ನಡದಲ್ಲಿ ಬರೆದು, ಮಳೆ ಶುರುವಾಗುವ ಮೊದಲು ನಾನೇ ತಂದುಕೊಡುತ್ತೇನೆ. ಈ ಮಳೆಗಾಲದಲ್ಲಿ ಗ್ಯಾಸ್ ಇಳಿಯುವ ಬಗ್ಗೆ ಕೇಳಬೇಕಾದ ಪ್ರಶ್ನೆಗಳಿದ್ದರೆ ಈಗಲೇ ಬರೆದಿಟ್ಟುಕೊಳ್ಳಿ, ಅಂಗಳದಲ್ಲಿ ಕೂತು ಮಾತಾಡೋಣ.