ರೀಸ್ಟಾರ್ಟ್ ಮಾಡುವ ಮೊದಲು ಆ ಸಾಲು ಓದಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ನೆಟ್‌ವರ್ಕ್ ತೊಂದರೆ ಬಗ್ಗೆ ಬಂದ ಬರಹ ಓದಿದೆ. ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ವಿಳಾಸದ ನಂಬರ್) ಸರಿಯಾಗಿ ಕೂರದಿದ್ದರೆ ಮೊದಲು ರೀಸ್ಟಾರ್ಟ್ ಮಾಡಿ ಎಂದಿದೆ. ಮನೆ ಕಂಪ್ಯೂಟರ್‌ಗೆ ಸರಿ. ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಮಾತ್ರ ಈ ಸಲಹೆ ಕೊಡಬೇಡಿ. ಅದನ್ನು ನಂಬಿ ಒಂದೇ ರಾತ್ರಿ ಎರಡು ಸಲ ಒಂದೇ ಗುಂಡಿಗೆ ಬಿದ್ದವನು ನಾನು.

ಕೆಲಸ ಚಿಕ್ಕದು. ದೂರದಲ್ಲಿದ್ದ ಸರ್ವರ್‌ನ ಅಡ್ರೆಸ್ 192.168.1.20 ಇದ್ದದ್ದು 192.168.1.21 ಆಗಬೇಕಿತ್ತು, ಅಷ್ಟೇ. ಹುಷಾರಾಗಿಯೇ ಇದ್ದೆ. ಮೊದಲು ಹೊಸದನ್ನು ಸೇರಿಸಿದೆ, ಅದರಲ್ಲೇ ಲಾಗಿನ್ ಆದೆ, ಆಮೇಲೆ ಹಳೆಯದನ್ನು ಅಳಿಸಿದೆ. ಎಂಟರ್ ಒತ್ತಿದ್ದೇ ತಡ, ಕರ್ಸರ್ ಕಲ್ಲಾಯಿತು. ಸರ್ವರ್ ಪಕ್ಕ ಇದ್ದವರಿಗೆ ಫೋನ್ ಮಾಡಿ ರೀಸ್ಟಾರ್ಟ್ ಮಾಡಿಸಿದೆ. ಹಳೇ ಅಡ್ರೆಸ್‌ನಲ್ಲಿ ಎದ್ದು ಕೂತಿತು. ಏನೋ ಎಡವಟ್ಟು ಅಂದುಕೊಂಡು ಮತ್ತೆ ಹಾಗೇ ಮಾಡಿದೆ. ಮತ್ತೆ ಕಲ್ಲು. ಎರಡನೇ ಸಲ ಫೋನ್ ಎತ್ತಿದವರ ದನಿ ಇನ್ನೂ ನೆನಪಿದೆ.

ಒಂದೇ ಸಬ್‌ನೆಟ್‌ನ, ಅಂದರೆ ನೆಟ್‌ವರ್ಕ್‌ನ ಒಂದೇ ತುಂಡಿನ, ಎರಡು ಅಡ್ರೆಸ್ ಕೊಟ್ಟರೆ ಲಿನಕ್ಸ್ ಕರ್ನಲ್ (ಲಿನಕ್ಸ್‌ನ ಒಳತಿರುಳು) ಮೊದಲನೆಯದನ್ನು ಪ್ರೈಮರಿ, ಎರಡನೆಯದನ್ನು ಸೆಕೆಂಡರಿ ಎಂದು ಇಟ್ಟುಕೊಳ್ಳುತ್ತದೆ. ಪ್ರೈಮರಿಯನ್ನು ಅಳಿಸಿದರೆ ಅದರ ಬೆನ್ನಿಗೆ ಸೆಕೆಂಡರಿಗಳೂ ಹೋಗುತ್ತವೆ. ಹೋಗಬಾರದು ಅಂದರೆ ಪ್ರಮೋಟ್ ಸೆಕೆಂಡರೀಸ್ ಎಂಬ ಸೆಟ್ಟಿಂಗ್ 1 ಆಗಿರಬೇಕು. ನನ್ನ ಸರ್ವರ್‌ನಲ್ಲಿ 0 ಇತ್ತು. ಅಡ್ರೆಸ್‌ಗಳ ಪಟ್ಟಿ ತೆಗೆದಾಗ ಹೊಸ ಅಡ್ರೆಸ್‌ನ ಸಾಲಿನಲ್ಲೇ 'ಸೆಕೆಂಡರಿ' ಎಂಬ ಪದ ಇತ್ತು, ಕಣ್ಣೆದುರೇ. ನಾನು ನೋಡಿದ್ದು ನಂಬರ್ ಮಾತ್ರ.

ಹಾಗಾದರೆ ರೀಸ್ಟಾರ್ಟ್ ಮಾಡಿದಾಗ ಸರಿ ಹೋಯಿತಲ್ಲ? ಎಲ್ಲಿ ಹೋಯಿತು! ಕಮಾಂಡ್‌ನಿಂದ ಕೊಟ್ಟ ಅಡ್ರೆಸ್ ಮೆಮೊರಿಯಲ್ಲಷ್ಟೇ ಇರುತ್ತದೆ. ಬೂಟ್ ಆದಾಗ ಫೈಲ್‌ನಲ್ಲಿ ಬರೆದಿಟ್ಟ ಹಳೇ ಕಾನ್ಫಿಗರೇಶನ್ ವಾಪಸ್ ಬರುತ್ತದೆ. ತಪ್ಪು ರಿಪೇರಿ ಆಗಲಿಲ್ಲ, ಅದರ ಗುರುತು ಅಳಿಸಿಹೋಯಿತು.

ಕರ್ನಲ್ ಮಾತಾಡುವ ರೀತಿಯೂ ವಿಚಿತ್ರವೇ, ಒಪ್ಪುತ್ತೇನೆ. ಇರುವ ಅಡ್ರೆಸ್ಸನ್ನೇ ಮತ್ತೆ ಸೇರಿಸಲು ಹೋದರೆ ಅನೇಕ ಸಿಸ್ಟಮ್‌ಗಳಲ್ಲಿ 'ಫೈಲ್ ಎಕ್ಸಿಸ್ಟ್ಸ್' ಎಂದು ಬರುತ್ತದೆ. ಯಾವ ಫೈಲಪ್ಪಾ? ಅಲ್ಲಿ ಕರ್ನಲ್ ಕೊಡುವುದು ಎರರ್ ನಂಬರ್ 17 ಮಾತ್ರ. ಆ ನಂಬರ್‌ಗೆ ಹಳೇ ಕಾಲದಿಂದ ಅಂಟಿಕೊಂಡ ವಾಕ್ಯ ಅದು. ಅಡ್ರೆಸ್ ಪಕ್ಕ ಸಬ್‌ನೆಟ್ ಎಷ್ಟು ದೊಡ್ಡದು ಎಂದು ಹೇಳುವ /24 ಹಾಕಲು ಮರೆತರೆ ಇನ್ನೂ ಮಜಾ. ತಕರಾರೇ ಇಲ್ಲದೆ ಸುಮ್ನೆ /32, ಅಂದರೆ ಆ ಒಂದೇ ಅಡ್ರೆಸ್, ಎಂದು ಹಾಕಿಕೊಳ್ಳುತ್ತದೆ. ಆಮೇಲೆ ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಹೋಗುವ ಬಾಗಿಲು) ಸೇರಿಸಲು ಹೋದಾಗ ಎರರ್. ನಾವು ಗೇಟ್‌ವೇಗೆ ಬೈಯುತ್ತಾ ಕೂರುತ್ತೇವೆ, ತಪ್ಪು ಒಂದು ಕಮಾಂಡ್ ಹಿಂದೆಯೇ ಆಗಿರುತ್ತದೆ.

ನಿಮ್ಮ ಪುಟದಲ್ಲಿ ಇಂಥ ನಾಲ್ಕೈದು ಎರರ್‌ಗಳಿಗೆ ಕನ್ನಡದಲ್ಲಿ ಅರ್ಥ ಹಾಕಿದರೆ ಜಾಸ್ತಿ ಉಪಯೋಗ ಅಲ್ವಾ? ಮೊದಲನೆಯದಾಗಿ 17 ಇರಲಿ.

ಇತಿ,
ನಿಮ್ಮ ಓದುಗ, ಒಬ್ಬ ಸಿಸ್ಟಮ್ ಅಡ್ಮಿನ್