ರಬ್ಬರ್ ಬೇಡ, ಒಂದು ಗೀಟು ಸಾಕು: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಪೋಷಕರ ಸಭೆಯಲ್ಲಿ ನಿಮ್ಮಲ್ಲಿ ಹಲವರು ಎರಡು ಪ್ರಶ್ನೆ ಕೇಳಿದಿರಿ. ವಿಜ್ಞಾನದ ತರಗತಿಯಲ್ಲಿ ಈ ವರ್ಷ ನೋಟ್ಸ್ ಬರೆಸುವುದು ಯಾಕೆ ಕಡಿಮೆಯಾಗಿದೆ? ಲ್ಯಾಬ್ ರೆಕಾರ್ಡಿನಲ್ಲಿ ಉತ್ತರ ಸರಿಯಿದ್ದರೂ ಅಂಕ ಯಾಕೆ ಕಡಿಮೆ ಬಂದಿದೆ? ಸಭೆಯ ಗಡಿಬಿಡಿಯಲ್ಲಿ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಅದಕ್ಕೇ ಈ ಪತ್ರ. ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಸರಳ ಲೋಲಕದ ಪ್ರಯೋಗ ನಿಮಗೂ ನೆನಪಿರಬಹುದು. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಿಬಿಟ್ಟು, 20 ಆಂದೋಲನಕ್ಕೆ (ಒಮ್ಮೆ ಆಚೆ ಹೋಗಿ ಮರಳಿ ಬಂದರೆ ಒಂದು) ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡಿ, ಅದರಿಂದ ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಏರುತ್ತದೆ ಎಂಬುದನ್ನು ಕಂಡುಹಿಡಿಯುವುದು. ಒಬ್ಬ ಹುಡುಗಿಯ ರೆಕಾರ್ಡಿನಲ್ಲಿ ಲೋಲಕದ ಉದ್ದ 100 ಸೆಂ.ಮೀ., ಹಿಡಿದ ಕಾಲ 40.1 ಸೆಕೆಂಡ್, ಉತ್ತರ 9.8. ಪಠ್ಯಪುಸ್ತಕದಲ್ಲಿರುವುದೂ ಅದೇ. ಆದರೆ 40.1 ಎಂದು ಬರೆದ ಜಾಗದಲ್ಲಿ ಕಾಗದ ಉಜ್ಜಿ ಉಜ್ಜಿ ತೆಳುವಾಗಿ, ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುವಂತಿತ್ತು. ರಫ್ ಪುಸ್ತಕ ತರಿಸಿ ನೋಡಿದೆವು. ಅಲ್ಲಿದ್ದದ್ದು 38.1. ಅದರಿಂದ ಲೆಕ್ಕ ಹಾಕಿದರೆ ಉತ್ತರ ಹತ್ತಿರ ಹತ್ತಿರ 10.9 ಬರುತ್ತದೆ. "ಉತ್ತರ ಬರಲಿಲ್ಲ ಸರ್, ಅದಕ್ಕೇ 9.8 ಇಟ್ಟುಕೊಂಡು ಹಿಂದಿನಿಂದ ಲೆಕ್ಕ ಮಾಡಿದೆ" ಎಂದಳು. ಹಿಂದಿನಿಂದ ಲೆಕ್ಕ ಮಾಡಲು ಬರುವವಳು ದಡ್ಡಿಯಂತೂ ಅಲ್ಲ, ಗಮನಿಸಿ.

ಯಾರೂ ಬೈಯಲಿಲ್ಲ. ಭೌತಶಾಸ್ತ್ರದ ಮೇಡಂ ಅವಳನ್ನು ಮತ್ತೆ ಲೋಲಕದ ಮುಂದೆ ನಿಲ್ಲಿಸಿ, "ಈ ಸಲ ಜೋರಾಗಿ ಎಣಿಸು" ಎಂದರು. ಗುಂಡು ಬಿಟ್ಟು ಸ್ಟಾಪ್‌ವಾಚ್ ಒತ್ತಿದ ಕೂಡಲೇ "ಒಂದು" ಎಂದಳು. ಗುಂಡು ಆಚೆ ಹೋಗಿ ಮರಳಿ ಬಂದಾಗ "ಎರಡು". "ಮೂರು" ಎನ್ನುವ ಹೊತ್ತಿಗೆ ಅವಳ ದನಿ ತಗ್ಗಿತು. ಗುಂಡು ಹೋಗಿ ಬಂದಿದ್ದು ಎರಡೇ ಸಲ. ಬಿಡುವಾಗ ಎಣಿಸಬೇಕಾದದ್ದು ಸೊನ್ನೆ. ಅವಳು "ಇಪ್ಪತ್ತು" ಎಂದು ವಾಚ್ ನಿಲ್ಲಿಸಿದಾಗ ಆಗಿದ್ದುದು 19 ಆಂದೋಲನ ಮಾತ್ರ. 19ರ ಕಾಲವನ್ನು 20ರಿಂದ ಭಾಗಿಸಿದರೆ ಒಂದು ಆಂದೋಲನದ ಅವಧಿ ಶೇ. 5ರಷ್ಟು ತಗ್ಗುತ್ತದೆ. ಸೂತ್ರದಲ್ಲಿ ಅವಧಿಯ ವರ್ಗದಿಂದ ಭಾಗಿಸುತ್ತೇವಾದ್ದರಿಂದ ಉತ್ತರ ಸುಮಾರು ಶೇ. 11ರಷ್ಟು ಏರುತ್ತದೆ. ಅಂದರೆ ಅವಳ ದಾರ, ಗುಂಡು, ವಾಚ್, ಲೆಕ್ಕ ಎಲ್ಲವೂ ಸರಿಯಿದ್ದವು, ಎಣಿಕೆಯ ತಪ್ಪೊಂದನ್ನು ಬಿಟ್ಟು. ಆ ತಪ್ಪನ್ನು ಹಿಡಿದುಕೊಡಲು ಇದ್ದ ಒಂದೇ ಸುಳಿವು 38.1. ಅವಳು ಅಳಿಸಿದ್ದು ಅದನ್ನೇ.

ಇದರಲ್ಲಿ ಮಕ್ಕಳನ್ನು ದೂರಲು ನನಗೆ ಬಾಯಿಲ್ಲ. ಕಾಲೇಜಿನಲ್ಲಿದ್ದಾಗ ಟೈಟ್ರೇಷನ್ ಎಂಬ ರಸಾಯನಶಾಸ್ತ್ರದ ಪ್ರಯೋಗದಲ್ಲಿ ಮೂರು ರೀಡಿಂಗನ್ನೂ ಅಚ್ಚು ಹೊಡೆದಂತೆ ಒಂದೇ ಬರೆದವನು ನಾನು. ಎರಡನೆಯ ಸಲ ಬ್ಯುರೆಟ್ಟಿಗೆ (ಅಳತೆಯ ಕೊಳವೆಗೆ) ದ್ರಾವಣ ತುಂಬಿಸಿಯೇ ಇರಲಿಲ್ಲ. ಮುಂದೆ ಮೇಷ್ಟ್ರಾದ ಮೇಲೆ 9.8 ಬಾರದವರ ಅಂಕ ವರ್ಷಗಟ್ಟಲೆ ಕತ್ತರಿಸಿದವನೂ ನಾನೇ. ಮಕ್ಕಳ ಕೈಗೆ ರಬ್ಬರ್ ಕೊಟ್ಟವರು ನಾವು.

ಸರಿಬಾರದ ರೀಡಿಂಗನ್ನು ಅಳಿಸದೆ ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಾನು ಮಕ್ಕಳಿಗೆ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆಯ ಕಥೆ ಹೇಳುತ್ತೇನೆ. ಗಾಳಿಯಿಂದ ಬೇರ್ಪಡಿಸಿದ ಸಾರಜನಕ, ಅಮೋನಿಯಾದಿಂದ ತಯಾರಿಸಿದ ಸಾರಜನಕಕ್ಕಿಂತ ಕೂದಲೆಳೆಯಷ್ಟು ಭಾರ ತೂಗುತ್ತಿತ್ತು. ವ್ಯತ್ಯಾಸ ಮೊದಲಿಗೆ ಸುಮಾರು 1000ದಲ್ಲಿ ಒಂದು ಪಾಲು. ನಮ್ಮ ಲ್ಯಾಬಿನಲ್ಲಾದರೆ ಅದನ್ನು ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಅವರು 1892ರಲ್ಲಿ ಅದನ್ನು ಪತ್ರಿಕೆಗೆ ಬರೆದು, ಕಾರಣ ಗೊತ್ತಾಗುತ್ತಿಲ್ಲ, ಯಾರಾದರೂ ತಿಳಿಸಿ ಎಂದು ಕೇಳಿದರು. 1894ರಲ್ಲಿ ಅವರೂ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆಯೂ ಸೇರಿ ಉತ್ತರ ಕಂಡುಕೊಂಡರು: ಗಾಳಿಯಲ್ಲಿ ಯಾರಿಗೂ ಗೊತ್ತಿಲ್ಲದ ಅನಿಲವೊಂದು ಅಡಗಿತ್ತು. ಅದೇ ಆರ್ಗಾನ್. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಶೇ. 1ಕ್ಕೆ ಸ್ವಲ್ಪ ಕಡಿಮೆ ಅದೇ ಇದೆ. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ಒಬ್ಬರಿಗೆ ಭೌತಶಾಸ್ತ್ರದಲ್ಲಿ, ಇನ್ನೊಬ್ಬರಿಗೆ ರಸಾಯನಶಾಸ್ತ್ರದಲ್ಲಿ.

ಆದ್ದರಿಂದ ಈಗಿನ ಕ್ರಮ ಇದು. ಲ್ಯಾಬಿನಲ್ಲಿ ರೀಡಿಂಗ್ ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಓದಲು ಬರುವಂತೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ಹೊಸದನ್ನು ಬರೆಯಬೇಕು. ಉತ್ತರ 10.9 ಬಂದರೆ 10.9 ಎಂದೇ ಬರೆದು, ಯಾಕೆ ಬಂದಿರಬಹುದು ಎಂದು ಕೆಳಗೆ ನಾಲ್ಕು ಸಾಲು ಸೇರಿಸಬೇಕು. ಹೆಚ್ಚಿನ ಅಂಕ ಆ ನಾಲ್ಕು ಸಾಲಿಗೆ. "ಮಾನವ ದೋಷ" ಎಂದು ಗೀಚಿಟ್ಟರೆ ಅಂಕ ಇಲ್ಲ. ಯಾವ ದೋಷ, ಉತ್ತರವನ್ನು ಅದು ಮೇಲಕ್ಕೆ ಒಯ್ದಿತೋ ಕೆಳಕ್ಕೋ ಹೇಳಬೇಕು.

ಇನ್ನು ನೋಟ್ಸ್ ವಿಷಯ. ದ್ಯುತಿಸಂಶ್ಲೇಷಣೆಯ (ಗಿಡಗಳು ಬೆಳಕಿನಲ್ಲಿ ಆಹಾರ ತಯಾರಿಸುವ ಕ್ರಿಯೆಯ) ಸಮೀಕರಣವನ್ನು ನಿದ್ದೆಗಣ್ಣಲ್ಲೂ ಬರೆಯಬಲ್ಲ ಕಾಲೇಜು ವಿದ್ಯಾರ್ಥಿಗಳನ್ನು ಒಮ್ಮೆ ಕೇಳಿದೆ: "ಒಣಗಿದ ಮರದ ದಿಮ್ಮಿಗೆ ಅಷ್ಟು ತೂಕ ಎಲ್ಲಿಂದ ಬಂತು?" ಬಹುತೇಕ ಎಲ್ಲರದೂ ಒಂದೇ ಉತ್ತರ, ಮಣ್ಣಿನಿಂದ. ಅದು ತಪ್ಪೆಂದು ತೋರಿಸುವ ಹಳೆಯ ಪ್ರಯೋಗವೊಂದಿದೆ. ವಿಜ್ಞಾನಿ ವ್ಯಾನ್ ಹೆಲ್ಮಾಂಟ್ 200 ಪೌಂಡ್ ಮಣ್ಣಿನಲ್ಲಿ 5 ಪೌಂಡ್ ತೂಕದ ವಿಲೋ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ. ಗಿಡ 169 ಪೌಂಡ್ ದಾಟಿತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್. ಇದು ಅಚ್ಚಾದದ್ದು 1648ರಲ್ಲಿ. (ಎಲ್ಲ ತೂಕವೂ ನೀರಿನಿಂದಲೇ ಬಂತು ಎಂದು ಅವನೂ ಎಡವಿದ, ಒಣಮರಕ್ಕೆ ಬಹುಪಾಲು ತೂಕ ಕೊಡುವ ಗಾಳಿಯ ಇಂಗಾಲದ ಡೈಆಕ್ಸೈಡ್ ಅವನ ಲೆಕ್ಕಕ್ಕೆ ಬರಲಿಲ್ಲ.) ನಮ್ಮ ಮಕ್ಕಳ ನೋಟ್ಸಿನಲ್ಲಿ ಇಂಗಾಲದ ಡೈಆಕ್ಸೈಡ್ ಇತ್ತು, ಅವರದೇ ಅಕ್ಷರದಲ್ಲಿ, ಕೆಳಗೆ ಅಡಿಗೆರೆ ಸಮೇತ. ತಲೆಯಲ್ಲಿ ಮಾತ್ರ ಮಣ್ಣೇ ಉಳಿದಿತ್ತು.

ಅದಕ್ಕಾಗಿ ಈಗ ಪಾಠಕ್ಕೆ ಮೊದಲು ಇಂಥದೊಂದು ಪ್ರಶ್ನೆ ಇಡುತ್ತೇವೆ. ಪ್ರತಿಯೊಬ್ಬರೂ ತಮಗೆ ತೋಚಿದ್ದನ್ನು ಬರೆಯುತ್ತಾರೆ, ಪಕ್ಕದವರ ಜೊತೆ ವಾದ ಮಾಡುತ್ತಾರೆ, ಬೇಕೆನಿಸಿದರೆ ಉತ್ತರ ಬದಲಿಸುತ್ತಾರೆ. ಆಮೇಲೆ ಪಾಠ. ಇದಕ್ಕೆ ಸಮಯ ಬೇಕು. ಆ ಸಮಯವನ್ನು ಉಕ್ತಲೇಖನದಿಂದ ತೆಗೆದಿದ್ದೇವೆ. ತರಗತಿಯಲ್ಲಿ ಗದ್ದಲ ಹೆಚ್ಚಾಗಿದೆ, ಒಪ್ಪುತ್ತೇನೆ. ಪಠ್ಯಕ್ರಮ ಮುಗಿಯುತ್ತದೆ, ಹಳೆಯ ಪ್ರಶ್ನೆಪತ್ರಿಕೆಗಳ ಅಭ್ಯಾಸವೂ ನಡೆಯುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಸ್ವಲ್ಪ ಇಳಿದರೆ ಗಾಬರಿಯಾಗಬೇಡಿ. ಮುಂದೆ ಖಂಡಿತ ಏರುತ್ತದೆ ಎಂದು ಮಾತು ಕೊಡುವುದು ಮಾತ್ರ ನನ್ನಿಂದಾಗದು.

ನಿಮ್ಮಿಂದ ಬೇಕಾದದ್ದು ಹೆಚ್ಚೇನಿಲ್ಲ. ರೆಕಾರ್ಡನ್ನು ಮನೆಯಲ್ಲಿ ತಿದ್ದಬೇಡಿ, ಅಣ್ಣಂದಿರ ಅಕ್ಕಂದಿರ ಹಳೆಯ ರೆಕಾರ್ಡನ್ನು ಕೈಗೆ ಕೊಡಬೇಡಿ. ವಿಜ್ಞಾನ ಪ್ರದರ್ಶನಕ್ಕೆ ಸಿದ್ಧ ಮಾದರಿ ಕೊಂಡು ಕಳಿಸಬೇಡಿ. ವಾಲಿಕೊಂಡು ನಿಂತರೂ ಸರಿ, ಮಕ್ಕಳೇ ಮಾಡಿದ್ದಿರಲಿ. ಲ್ಯಾಬ್ ಇರುವ ದಿನ ಮುಚ್ಚಿದ ಪಾದರಕ್ಷೆ ಹಾಕಿಸಿ, ಉದ್ದ ಕೂದಲಿದ್ದರೆ ಬಿಗಿಯಾಗಿ ಕಟ್ಟಿಸಿ. ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು "ಹೇಗೆ ಅಳೆದೆ?" ಎಂದು ಒಂದು ಮಾತು ಕೇಳಿ ನೋಡಿ.

ಮುಂದಿನ ಸಭೆಯ ದಿನ ಲ್ಯಾಬ್ ತೆರೆದಿರುತ್ತದೆ. ಬಾಗಿಲ ಬಳಿಯ ಮೇಜಿನ ಮೇಲೆ ಲೋಲಕ, ಸ್ಟಾಪ್‌ವಾಚ್, ಒಂದು ರಿಜಿಸ್ಟರ್ ಇಟ್ಟಿರುತ್ತೇವೆ. ಬಂದವರೆಲ್ಲ 20 ಆಂದೋಲನ ಎಣಿಸಿ, ಬಂದ ಕಾಲವನ್ನು ಪೆನ್ನಿನಲ್ಲಿ ಬರೆದು ಒಳಗೆ ಬನ್ನಿ. ಆ ಹುಡುಗಿಯೇ ಮೇಜಿನ ಬಳಿ ಇರುತ್ತಾಳೆ.

ಇಂತಿ ತಮ್ಮ ವಿಶ್ವಾಸಿ,
ಪ್ರಾಂಶುಪಾಲ