ಅಗಾಡೆಜ್‌ಗೆ ಹೊರಟ ಮಗಳಿಗೆ

ಪುಟ್ಟೀ,

ನಿನ್ನೆ ಇಬ್ಬರೂ ದನಿ ಏರಿಸಿದೆವು. ನನಗೂ ಬೇಜಾರಾಗಿದೆ. ಅದನ್ನು ಮತ್ತೆ ಕೆದಕುವುದು ಬೇಡ. ಜನರನ್ನು ಕದ್ದು ಗಡಿ ದಾಟಿಸುವವರನ್ನು ಮಾತಾಡಿಸಿ ಬರೆಯಲು ನೀನು ಆಫ್ರಿಕಾದ ನೈಜರ್‌ಗೆ, ಆ ಮರುಭೂಮಿಯ ಊರು ಅಗಾಡೆಜ್‌ಗೆ ಹೋಗಿಯೇ ಹೋಗುತ್ತೀಯ, ಗೊತ್ತು.

"ಗಡಿ ದಾಟಿಸುವವರೂ ಮನುಷ್ಯರೇ ಅಪ್ಪಾ" ಅಂದೆಯಲ್ಲ, ಒಪ್ಪುತ್ತೇನೆ. ಮರುಭೂಮಿ ತೋರಿಸಿ ದುಡಿಯುತ್ತಿದ್ದವರು, ಬಂಡಾಯದಿಂದ ಪ್ರವಾಸಿಗರು ಬರದಂತಾದಾಗ ಅದೇ ದಾರಿಯಲ್ಲಿ ಲಿಬಿಯಾ ಕಡೆಗೆ ಜನ ಸಾಗಿಸಿದರು. ಒಂದು ಹೈಲಕ್ಸ್ ಪಿಕಪ್ ಗಾಡಿಯ ಹಿಂದೆ ಇಪ್ಪತ್ತೈದು ಜನ. ಕಾಲು ಹೊರಗೆ, ಬೀಳದಂತೆ ಹಿಡಿಯಲು ಅಂಚಿಗೆ ಸಿಕ್ಕಿಸಿದ ಕೋಲು. ಊರೆಲ್ಲ ನೋಡುತ್ತಿದ್ದ ಕಸುಬು ಅದು. ಹೀಗೆ ಜನ ಸಾಗಿಸುವುದು ಅಪರಾಧ ಅನ್ನುವ 2015ರ ಕಾನೂನು ಬಂದ ಮೇಲೆ ಜೈಲು, ಗಾಡಿ ಜಪ್ತಿ. ಸೈನಿಕರ ಕಣ್ಣು ತಪ್ಪಿಸಲು ಬಾವಿ ಇರುವ ದಾರಿಯನ್ನೇ ಬಿಟ್ಟರು. ಸತ್ತವರು ಹಿಂದೆ ಕೂತವರು. 2023ರಲ್ಲಿ ಕಾನೂನು ರದ್ದಾಯಿತು, ಸರಿ.

ಆದರೆ ಇಂಗ್ಲೆಂಡಿನ ಆ ಲಾರಿ ನನ್ನ ತಲೆಯಿಂದ ಹೋಗುತ್ತಿಲ್ಲ. 2019ರ ಅಕ್ಟೋಬರ್. ಬೆಲ್ಜಿಯಂನಿಂದ ಹಡಗಿನಲ್ಲಿ ಬಂದ ಟ್ರೈಲರ್, ಒಳಗೆ ವಿಯೆಟ್ನಾಂನ 39 ಜನ. ಡ್ರೈವರ್‌ಗೆ ಮೇಲಿನವನ ಮೆಸೇಜ್: ಬೇಗ ಗಾಳಿ ಕೊಡು, ಹೊರಗೆ ಬಿಡಬೇಡ. ಅವನು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ. ಬಾಗಿಲು ತೆಗೆದರೆ ಎಲ್ಲರೂ ಸತ್ತಿದ್ದರು. ಸಹಾಯಕ್ಕೆ ಫೋನ್ ಮಾಡಿದ್ದು ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಕಳೆದ ಮೇಲೆ. ಒಳಗಿದ್ದವರು ಕಬ್ಬಿಣದ ಕಂಬದಿಂದ ಛಾವಣಿ ಒಡೆಯಲು ನೋಡಿದ್ದರಂತೆ. ನಾನೂ ಲಾರಿ ಓಡಿಸಿದವನು ಕಣಮ್ಮಾ. ಅಂಥ ಟ್ರೈಲರ್ ಬಾಗಿಲಿನ ರಬ್ಬರ್ ಹೇಗೆ ಕಚ್ಚಿಕೊಳ್ಳುತ್ತದೆ ಅಂತ ಗೊತ್ತು. ಒಂದು ಎಳೆ ಗಾಳಿಯೂ ನುಸುಳುವುದಿಲ್ಲ. ಅವನು ಬಡವನೋ, ಸಾಲಗಾರನೋ, ಏನಾದರೂ ಆಗಿರಲಿ. ಆ ಇಪ್ಪತ್ತು ನಿಮಿಷ ಏನು ಯೋಚಿಸುತ್ತಿದ್ದ? ನಿದ್ದೆ ಬರದಿದ್ದಾಗೆಲ್ಲ ಇದೇ ಕೇಳಿಕೊಳ್ಳುತ್ತೇನೆ.

ಅದಕ್ಕೇ ಹೇಳುವುದು, ಅವರ ಕಷ್ಟ ಮಾತ್ರ ಬರೆದುಕೊಂಡು ಬರಬೇಡ. ಗಾಡಿ ಕೆಟ್ಟಾಗ ಜನರನ್ನು ಬಿಟ್ಟು ಬಂದಿದ್ದೀಯಾ ಅಂತಲೂ ಕೇಳು. ಇಂಥ ಪ್ರಶ್ನೆ ಹಿಡಿದು ಅಷ್ಟು ದೂರ ಹೋಗುವ ಧೈರ್ಯ ನನಗಿರಲಿಲ್ಲ, ನಿನಗಿದೆ. ಲಾರಿ ಅಡ್ಡೆಯ ಹಳೆಯ ಗೆಳೆಯರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಹಾಗಂತ ಒಬ್ಬಳೇ ಇದ್ದಾಗ ಕೇಳಬೇಡ. ಯಾರೇ ಕರೆದರೂ ಅವರ ಗಾಡಿ ಹತ್ತಬೇಡ. ಅವರ ಹೆಸರು, ಗಾಡಿ ನಂಬರ್ ನೋಟ್‌ಬುಕ್ಕಿನಲ್ಲಿ ಬರೆಯಬೇಡ, ಅದು ಪೊಲೀಸರ ಕೈಗೆ ಸಿಕ್ಕರೆ ಅವರಿಗೂ ಕಷ್ಟ, ನಿನಗೂ ಕಷ್ಟ. ನೀರು ಜಾಸ್ತಿ ಇಟ್ಟುಕೋ. ಉಪನ್ಯಾಸ ಆಯಿತು ಅಂತೀಯ, ಆಗಲಿ ಬಿಡು.

ಯಾರಾದರೂ ಆ ಪ್ರಶ್ನೆಗೆ ನಿಜ ಹೇಳಿದರೆ ನನಗೆ ಬರೆ. ಓದಬೇಕು ನಾನು.

ನಿನ್ನ ಅಪ್ಪ